ಗೌತಮನ ಎಡಗಾಲು

ನಿನ್ನ ಎಡಗಾಲಿನಲ್ಲಿ ಯಾವ ದೋಷವೂ ಇರಲಿಲ್ಲ, ಗೌತಮ. ನಿನ್ನನ್ನು ನೀಲಿ ತಂಡದಿಂದ ಇಳಿಸಿದ ದಿನ ಮೈದಾನದ ನಡುವೆ ನಿಂತು, ಎಲ್ಲ ಹುಡುಗರಿಗೂ ಕೇಳುವ ಹಾಗೆ, 'ಎಡಗಾಲು ವೀಕು' ಎಂದು ನಾನು ಹೇಳಿದ್ದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು. ನಿನ್ನನ್ನು ಇಳಿಸಿದ್ದು ನಿನ್ನ ಆಟಕ್ಕಲ್ಲ, ನಿನ್ನ ಜಾತಿಗೆ. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ನಿನಗೆ ಮೀಸೆ ಬಂದು, ಮದುವೆಯಾಗಿ, ನೀನು ನಿನ್ನದೇ ಊರಿನ ಹುಡುಗರಿಗೆ ಆಟ ಕಲಿಸುವಷ್ಟು ದೊಡ್ಡವನಾಗುವವರೆಗೂ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ಭಾನುವಾರ ಹಾಸನದಲ್ಲಿ ನೀವೆಲ್ಲ ಹಳೆಯ ಹುಡುಗರು ಸೇರಿ ನನ್ನ ನಿವೃತ್ತಿಗೆ ಸನ್ಮಾನ ಮಾಡಿದಿರಲ್ಲ, ಅಲ್ಲಿಯವರೆಗೂ ನಾನು ಆರಾಮಾಗಿಯೇ ಇದ್ದೆ. ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. 'ಶಿಸ್ತಿನ ಸಿಪಾಯಿ' ಎಂದು ಯಾರೋ ಹೊಗಳಿದರು. ನಾನೂ ಹಲ್ಲು ಕಿರಿಯುತ್ತಾ ಕೂತಿದ್ದೆ. ಆಮೇಲೆ ನೀನು ಮೈಕ್ ಹಿಡಿದೆ.

"ನಂಗೆ ಎಡಗಾಲು ಕೊಟ್ಟಿದ್ದು ನಮ್ ಸಾರು. ಅವತ್ತು ಅವ್ರು ನನ್ನ ಇಳಿಸ್ದೇ ಇದ್ದಿದ್ರೆ ನಾನು ಈಗ್ಲೂ ಒಂಟಿ ಕಾಲಲ್ಲೇ ಆಡ್ಕಂಡಿರ್ತಿದ್ದೆ. ನಮ್ ಹುಡುಗ್ರಿಗೂ ಅದ್ನೇ ಏಳ್ತೀನಿ — ಮೊದ್ಲು ಎಡಗಾಲು ಕಣ್ರಲಾ, ನಮ್ ಸಾರು ಏಳಿರೋದು ಅಂತ."

ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಬಂದು ನನ್ನ ಕಾಲು ಮುಟ್ಟಿದೆ. ನನಗೆ ಆ ಶಾಲನ್ನು ಕಿತ್ತು ಎಸೆಯಬೇಕೆನ್ನಿಸಿತು, ಆ ಬುಟ್ಟಿಯನ್ನು ಒದೆಯಬೇಕೆನ್ನಿಸಿತು. ಆದರೆ ಏನು ಮಾಡಿದೆ? ನಿನ್ನ ತಲೆಯ ಮೇಲೆ ಕೈಯಿಟ್ಟು 'ಒಳ್ಳೇದಾಗಲಿ' ಎಂದೆ. ಇಂಥ ಜಾಣತನ ನನಗೆ ಮೊದಲಿನಿಂದಲೂ ಇದೆ.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಬಳಿ ಕಲಿಯುವ ಹುಡುಗರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಭಾನುವಾರದ ಫುಟ್‌ಬಾಲ್ ಕ್ಲಬ್ಬು ನಾನೇ ಕಟ್ಟಿದ್ದು. ಹಾಸನದ ಮೈದಾನಕ್ಕೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದೆಲ್ಲ ಹೈಸ್ಕೂಲು ಹುಡುಗರು ಬಸ್ಸು ಹಿಡಿದು ಬರುತ್ತಿದ್ದರು. ಮೂರು ತಂಡ ಮಾಡಿದ್ದೆ. ಹೊಸಬರಿಗೆ ಬಿಳಿ ಅಂಗಿ, ಸ್ವಲ್ಪ ಪಳಗಿದವರಿಗೆ ಹಳದಿ, ಎಲ್ಲರಿಗಿಂತ ಚೆನ್ನಾಗಿ ಆಡುವವರಿಗೆ ನೀಲಿ. ತಿಂಗಳ ಕೊನೆಯ ಭಾನುವಾರ ಅಂಗಿ ಬದಲಿಸುವ ದಿನ. ಇಳಿಯುವ ಹುಡುಗ ತನ್ನ ಅಂಗಿಯನ್ನು ಮೈದಾನದಲ್ಲೇ ಬಿಚ್ಚಿ, ಏರುವ ಹುಡುಗನ ಕೈಗೆ ತಾನೇ ಕೊಡಬೇಕು, ಕೊಟ್ಟು ಕೈಕುಲುಕಬೇಕು. ಇದು ನಾನೇ ಕಂಡುಹಿಡಿದ ಪದ್ಧತಿ. ಸೋಲನ್ನು ಗಂಡಸಿನ ಹಾಗೆ ಎದುರಿಸಲು ಕಲಿಯುತ್ತಾರೆ ಎಂದು ಬೇರೆ ಮೇಷ್ಟ್ರುಗಳಿಗೆ ಭಾಷಣ ಬಿಗಿಯುತ್ತಿದ್ದೆ. ಹದಿನಾಲ್ಕು ಹದಿನೈದರ ಹುಡುಗರು ಬರಿಮೈಯಲ್ಲಿ ಎಲ್ಲರೆದುರು ನಿಂತು ಅಳು ನುಂಗಿಕೊಳ್ಳುವುದನ್ನು ನೋಡಿ ಹೆಮ್ಮೆಪಡುತ್ತಿದ್ದವನು ನಾನು.

ನೀನು ಬಿಳಿ ಅಂಗಿಯಲ್ಲಿ ಬಹಳ ದಿನ ಉಳಿಯಲೇ ಇಲ್ಲ. ದಂಡಿಗನಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ, ಮೈದಾನಕ್ಕೆ ಎಲ್ಲರಿಗಿಂತ ಮುಂಚೆ ಇರುತ್ತಿದ್ದೆ. ಚೆಂಡು ನಿನ್ನ ಕಾಲಿಗೆ ಸಿಕ್ಕರೆ ನಾನು ಸೀಟಿ ಊದುವುದನ್ನೂ ಮರೆತು ನೋಡುತ್ತಿದ್ದೆ — ಎರಡೂ ಕಾಲಿನಲ್ಲಿ, ಕೇಳಿಸಿಕೊ, ಎರಡೂ ಕಾಲಿನಲ್ಲಿ ನೀನು ಹೊಡೆಯುತ್ತಿದ್ದೆ. ಆ ವರ್ಷ ನೀಲಿ ತಂಡದಲ್ಲಿ ನಿನ್ನಷ್ಟು ಚೆನ್ನಾಗಿ ಆಡುವವನು ಇನ್ನೊಬ್ಬನಿರಲಿಲ್ಲ. ಇದನ್ನು ನಿನಗೆ ಒಂದು ಸಲವೂ ಹೇಳಲಿಲ್ಲ. ಹೊಗಳಿದರೆ ಹುಡುಗರು ಕೆಡುತ್ತಾರೆ ಎಂದು ನಂಬಿದ್ದೆ.

ನೀಲಿ ತಂಡಕ್ಕೆ ಇನ್ನೊಂದು ಮರ್ಯಾದೆ ಇತ್ತು. ಬೇರೆ ಊರಿಗೆ ಮ್ಯಾಚಿಗೆ ಹೋಗುತ್ತಿದ್ದುದು ಅವರು ಮಾತ್ರ. ಹೋದ ಊರಿನಲ್ಲಿ ಮಧ್ಯಾಹ್ನದ ಊಟ ಹೋಟೆಲಿನಲ್ಲಲ್ಲ, ಯಾರಾದರೂ ಹಿತೈಷಿಗಳ ಮನೆಯಲ್ಲಿ. ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿಯವರ ಮನೆ, ಚನ್ನರಾಯಪಟ್ಟಣದಲ್ಲಿ ನನ್ನ ಸ್ನೇಹಿತರೊಬ್ಬರ ಮನೆ, ಅರಕಲಗೂಡಿನಲ್ಲಿ ರಂಗಸ್ವಾಮಿಯವರ ಮನೆ. ನೆಲದ ಮೇಲೆ ಸಾಲಾಗಿ ಕೂರಿಸಿ, ಬಾಳೆ ಎಲೆ ಹಾಕಿ, ಮನೆಯ ಹೆಂಗಸರೇ ಬಡಿಸುತ್ತಿದ್ದರು. ಹಳದಿ, ಬಿಳಿ ಅಂಗಿಯವರು ನಮ್ಮ ಮೈದಾನದಲ್ಲೇ ಆಡಿ, ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದರು. 'ನೀಲಿ ಅಂಗಿ ಅಂದ್ರೆ ಮನೆ ಊಟ ಕಣ್ಲಾ' ಎಂದು ಹುಡುಗರು ಆಸೆಪಡುತ್ತಿದ್ದರು. ಊರೂರಿನ ಮನೆಗಳಲ್ಲಿ ಉಂಡರೆ ಹುಡುಗರಿಗೆ ನಡತೆ ಬರುತ್ತದೆ ಎಂದು ನಾನು ತಿಳಿದಿದ್ದೆ.

ನೀನು ನೀಲಿ ಅಂಗಿ ತೊಟ್ಟು ಮೊದಲ ಸಲ ಅರಕಲಗೂಡಿಗೆ ಬಂದಾಗ ಗೆದ್ದದ್ದು ನಿನ್ನ ಗೋಲಿನಿಂದ. ರಂಗಸ್ವಾಮಿಯವರು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದವರು. ಮೈದಾನದ ಅಂಚಿನಲ್ಲೇ ನಿನ್ನ ಬೆನ್ನು ತಟ್ಟಿದರು. "ಏನ್ ಆಟವೋ ಮರಿ, ಬಾ ಬಾ, ಇವತ್ತು ನಿಂಗೆ ಎರಡು ಲೋಟ ಪಾಯ್ಸ" ಎಂದರು. ನೆನಪಿದೆಯಾ ನಿನಗೆ?

ಅವರ ತಾಯಿ, ತುಂಬಾ ವಯಸ್ಸಾದವರು, ಊಟದ ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೊಸ ಹುಡುಗರನ್ನು ಕಂಡರೆ ನಮ್ಮ ಕಡೆಯ ಹಿರಿಯರೆಲ್ಲ ಕೇಳುವುದನ್ನೇ ಅವರೂ ಕೇಳಿದರು.

"ನಿಮ್ಮನೆ ದೇವ್ರು ಯಾವ್ದು ಮಗ?"

ಇದು ಭಕ್ತಿಯ ಪ್ರಶ್ನೆಯಲ್ಲ, ಗೌತಮ. ಮನೆದೇವರನ್ನು ಕೇಳಿದರೆ ಯಾರ ಕಡೆಯವನು, ಯಾರ ಪೈಕಿ ಎಂಬುದೆಲ್ಲ ತಿಳಿಯುತ್ತದೆ. ಜಾತಿ ಕೇಳಿದೆನೆಂಬ ಕೆಟ್ಟ ಹೆಸರೂ ಬರುವುದಿಲ್ಲ. ನಾನೂ ಆ ನೆಲದಲ್ಲೇ ಹುಟ್ಟಿದವನು. ಶಾಂತಿಗ್ರಾಮದ ನಮ್ಮ ಮನೆಯಲ್ಲೂ ಬಂದವರಿಗೆ ಇದನ್ನೇ ಕೇಳುತ್ತಿದ್ದರು. ಆ ಪ್ರಶ್ನೆ ಸಾಲಿನಲ್ಲಿ ನಿನ್ನ ಕಡೆಗೆ ಬರುವುದು ನನಗೆ ಕಾಣುತ್ತಿತ್ತು. ತಡೆಯಬಹುದಿತ್ತು — ಏನಾದರೂ ಬೇರೆ ಮಾತು ತೆಗೆಯಬಹುದಿತ್ತು. ಅನ್ನ ಕಲಸುತ್ತಾ ಕೂತೆ.

ಒಬ್ಬ ರಂಗನಾಥ ಎಂದ, ಇನ್ನೊಬ್ಬ ಯಾವುದೋ ಅಮ್ಮನ ಹೆಸರು ಹೇಳಿದ. ನೀನು ಬಾಯಲ್ಲಿದ್ದ ತುತ್ತು ನುಂಗಿ, ನಗುತ್ತಾ ಹೇಳಿದೆ.

"ನಮ್ಮನೇಲಿ ಬುದ್ಧ ಅಜ್ಜಿ. ನಮ್ಮಪ್ಪ ದೊಡ್ಡ ಫೋಟೋ ಇಟ್ಟವ್ರೆ."

ಅಜ್ಜಿ, ಪಾಯಸದ ಪಾತ್ರೆ ಹಿಡಿದು ಬರುತ್ತಿದ್ದ ಸೊಸೆಯ ಮುಖ ನೋಡಿದರು, ಅಷ್ಟೇ. ನಿನ್ನ ಪಕ್ಕದವನಿಗೆ ಸೌಟು ಬಗ್ಗಿತು. ನಿನ್ನನ್ನು ದಾಟಿತು. ನಿನ್ನ ಆಚೆಯವನಿಗೆ ಮತ್ತೆ ಬಗ್ಗಿತು. ನೀನು ಎಲೆಯ ತುದಿಯನ್ನು ಸ್ವಲ್ಪ ಸರಿಪಡಿಸಿಕೊಂಡು, ಪಾಯಸಕ್ಕೆ ಜಾಗ ಮಾಡಿಕೊಂಡು, ಕಾಯುತ್ತಾ ಕೂತಿದ್ದೆ. ಎದುರು ಸಾಲಿನಲ್ಲಿ ಕೂತು ನಾನು ಅದನ್ನೆಲ್ಲ ನೋಡಿದೆ. ನನ್ನ ಎಲೆಯಲ್ಲಿ ಪಾಯಸ ಇತ್ತು. ಅದನ್ನು ಉಂಡೆ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ರಂಗಸ್ವಾಮಿಯವರು ಹಿಂದೆಯೇ ಬಂದರು. ದನಿ ತಗ್ಗಿಸಿ, ಟವೆಲ್ಲು ಕೊಡುತ್ತಾ ಹೇಳಿದರು.

"ಮೇಷ್ಟ್ರೇ, ತಪ್ಪು ತಿಳ್ಕಬೇಡಿ. ನಂಗೇನಿಲ್ಲ ಕಣ್ರೀ, ನಾನು ಇವೆಲ್ಲ ನೋಡೋನಲ್ಲ. ಅವ್ವ ಹಳೇ ಕಾಲ್ದೋಳು. ಆ ಹುಡುಗನ ಎಲೆ ಅವನೇ ಎತ್ಲಿ. ಮುಂದಿನ ಸಲ ವಸಿ ನೋಡ್ಕಂಡು ಕರ್ಕಬನ್ನಿ."

ನೋಡ್ಕಂಡು ಕರ್ಕಬನ್ನಿ. ಬೈಗುಳವಿಲ್ಲ, ಬಿರುಸಿಲ್ಲ, ಕೈಯಲ್ಲಿ ಒಗೆದ ಟವೆಲ್ಲು ಬೇರೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಎನ್ನುತ್ತದೆ. ಕಾಲೇಜಿನಲ್ಲಿ ಆಡಿದ ಮನುಷ್ಯ, ಬೆಳಗ್ಗೆ ಬೆನ್ನು ತಟ್ಟಿದ ಮನುಷ್ಯ! ತನ್ನ ಹೇಡಿತನವನ್ನು ಹೆತ್ತ ತಾಯಿಯ ಮೇಲೆ ಹಾಕಿ ಕೈತೊಳೆದುಕೊಂಡ. ಆದರೆ ಅವರನ್ನು ಬೈದು ಏನು ಪ್ರಯೋಜನ? ಅವರು ಹೇಳಿದ್ದು ಒಂದು ಮಾತು. ಅದನ್ನು ತಲೆಯ ಮೇಲೆ ಹೊತ್ತು ನಡೆಸಿದವನು ನಾನು.

ಒಳಗೆ ಬಂದು ಚಪ್ಪಾಳೆ ತಟ್ಟಿದೆ. "ಎಲ್ಲರೂ ಕೇಳ್ರೋ, ಇವತ್ತಿಂದ ಎಲ್ಲರೂ ಅವರವರ ಎಲೆ ಅವರವರೇ ಎತ್ತಬೇಕು. ಶಿಸ್ತು!" ಎಂದೆ. ಎಲ್ಲರಿಗಿಂತ ಮೊದಲು ಎದ್ದವನು ನೀನು. ಖುಷಿಯಿಂದ ಎಲೆ ಮಡಿಸಿಕೊಂಡು ಹೋದೆ. ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಅದು ಕ್ಲಬ್ಬಿನ ನಿಯಮವೇ ಆಯಿತು. ಹೋದ ಭಾನುವಾರದ ಸನ್ಮಾನದ ಊಟದಲ್ಲೂ ನೀವು ಹಳೆಯ ಹುಡುಗರೆಲ್ಲ ನಿಮ್ಮ ನಿಮ್ಮ ಎಲೆ ನೀವೇ ಎತ್ತಿದಿರಿ. 'ನೋಡಿ, ಮೇಷ್ಟ್ರು ಕಲಿಸಿದ್ದು' ಎಂದು ಯಾರೋ ಮೆಚ್ಚಿಕೊಂಡರು. ನಾನು ಕಲಿಸಿದ ಶಿಸ್ತು ಹುಟ್ಟಿದ್ದು ಎಲ್ಲಿ ಎಂದು ಈಗ ನಿನಗೆ ತಿಳಿಯಿತಲ್ಲ.

ಅವತ್ತು ಹಾಸನದ ಬಸ್ಸಿನಲ್ಲಿ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. "ನನ್ ಹತ್ರ ಬರೋ ಹೊತ್ಗೆ ಪಾಯ್ಸ ಮುಗ್ದೋಗಿತ್ತು ಅನ್ಸುತ್ತೆ ಸಾ" ಎಂದೆ. ದೂರಲಿಲ್ಲ, ನಗುತ್ತಲೇ ಹೇಳಿದೆ. "ಹೂಂ ಕಣೋ, ಮುಗಿದಿತ್ತು" ಎಂದೆ ನಾನು. ನಿನಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಆ ತಿಂಗಳ ಕೊನೆಯ ಭಾನುವಾರ ನಿನ್ನನ್ನು ಇಳಿಸಿದೆ. ನೀಲಿಯಲ್ಲಿದ್ದರೆ ತಾನೇ ನಿನ್ನನ್ನು ಆ ಮನೆಗಳಿಗೆ ಕರೆದೊಯ್ಯಬೇಕಾಗುವುದು? ಹಳದಿಯಲ್ಲಿದ್ದರೆ ಮರದಡಿ ಬುತ್ತಿ ತಿನ್ನುತ್ತೀಯ, ಯಾರ ಎಲೆಯ ಪ್ರಶ್ನೆಯೂ ಬರುವುದಿಲ್ಲ. ಎಷ್ಟು ಸಲೀಸಾಗಿ ಯೋಚಿಸಿದೆ ನೋಡು. ಕಾರಣ ಮಾತ್ರ ಒಂದು ಬೇಕಿತ್ತು. ನಿನ್ನ ಆಟದಲ್ಲಿ ಹುಡುಕಿದರೂ ಸಿಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಏನ್ ತಪ್ಪಾಯ್ತು ಸಾ?" ಎಂದು ಕೇಳಿದೆ ನೀನು.

"ಎಡಗಾಲು ವೀಕು. ಹಳದಿಗೆ ಹೋಗಿ ಅಭ್ಯಾಸ ಮಾಡು, ನೋಡೋಣ."

ನೀನು ನಿನ್ನ ಎಡಗಾಲನ್ನು ನೋಡಿಕೊಂಡೆ. ಬಗ್ಗಿ, ಅದು ಬೇರೆ ಯಾರದೋ ಕಾಲು ಎಂಬಂತೆ ನೋಡಿಕೊಂಡೆ. ಆಮೇಲೆ ಅಂಗಿ ಬಿಚ್ಚಿ ಚೇತನನ ಕೈಗೆ ಕೊಟ್ಟು ಕೈಕುಲುಕಿದೆ. ಚೇತನ — ರಂಗಸ್ವಾಮಿಯವರ ಮನೆಯಲ್ಲಿ ಎರಡು ಸಲ ಪಾಯಸ ಬಡಿಸುವಂಥ ಮನೆತನದ ಹುಡುಗ — ನಿನ್ನ ಬೆವರಿಗೆ ತೊಯ್ದಿದ್ದ ಅಂಗಿಯನ್ನು ಅಲ್ಲೇ ಮೈಗೆ ಹಾಕಿಕೊಂಡು ಕುಣಿದಾಡಿದ. ಅವನಿಗೆ ಏನೂ ಅಡ್ಡಿಯಾಗಲಿಲ್ಲ. ಹುಡುಗರಿಗೆ ಯಾರಿಗೂ ಏನೂ ಅಡ್ಡಿಯಿರಲಿಲ್ಲ. ಇದ್ದದ್ದು ನಮಗೆ, ದೊಡ್ಡವರು ಎನ್ನಿಸಿಕೊಂಡವರಿಗೆ.

ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಹುಡುಗ ಬೇಜಾರಾಗಿ ಬರುವುದು ಬಿಡಬಹುದು ಎಂದೂ — ಹೌದು, ಹಾಗೂ ಆಸೆಪಟ್ಟೆ. ನೀನು ಬಿಡಲಿಲ್ಲ. ನಿಮ್ಮೂರ ಶಾಲೆಯ ಗೋಡೆಗೆ ಚೆಂಡು ಹೊಡೆದು ಹೊಡೆದು ಸುಣ್ಣವನ್ನೆಲ್ಲ ಉದುರಿಸಿದ್ದೀಯ ಎಂದು ನಿಮ್ಮ ಊರಿನ ಹುಡುಗರು ಹೇಳುತ್ತಿದ್ದರು. ಬಲಗಾಲಿಗೆ ಚಪ್ಪಲಿ ಕಟ್ಟಿಕೊಂಡು, ಎಡಗಾಲನ್ನು ಬರಿದಾಗಿಟ್ಟು ಅದರಲ್ಲೇ ಹೊಡೆಯುತ್ತಿದ್ದೆಯಂತೆ. ಉಗುರು ಕಿತ್ತು ರಕ್ತ ಬಂದಿತ್ತಂತೆ. ನನಗೆ ಕೋಪ ಬರುತ್ತಿತ್ತು, ಗೌತಮ. ನಿನ್ನ ಮೇಲೆ! ಯಾಕೆ ಈ ಹುಡುಗ ಇಷ್ಟು ನಂಬುತ್ತಾನೆ, ಯಾಕೆ ಒಂದು ಸಲ ಎದುರು ಮಾತಾಡುವುದಿಲ್ಲ ಎಂದು. ತಪ್ಪು ಮಾಡಿದವನಿಗೆ ಮೊದಲು ಸಿಟ್ಟು ಬರುವುದು ತಪ್ಪು ಮಾಡಿಸಿಕೊಂಡವನ ಮೇಲೆ ಎಂದು ನಾನು ನನ್ನಿಂದಲೇ ಕಲಿತೆ.

ನಿಮ್ಮಮ್ಮ ಬಂದು ನನ್ನನ್ನು ಏನು ಕೇಳಿದರು ಎಂಬುದು ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಒಂದು ಬೆಳಿಗ್ಗೆ, ನೀನಿಲ್ಲದ ಹೊತ್ತಿನಲ್ಲಿ, ನಮ್ಮ ಶಾಲೆಯ ಹತ್ತಿರ ಬಂದರು. ಗೇಟಿನ ಆಚೆಯೇ ನಿಂತಿದ್ದರು. ಕೈಯಲ್ಲಿ ದೊಡ್ಡಾಸ್ಪತ್ರೆಯ ಉದ್ದನೆಯ ಕವರಿತ್ತು.

"ಸಾ, ನನ್ ಮಗನ್ ಕಾಲಲ್ಲಿ ಏನ್ ಐಬ್ ಐತೆ ಏಳ್ಬುಡಿ. ಎಕ್ಸ್‌ರೇ ತೆಗ್ಸಿದೀನಿ. ಡಾಕ್ಟ್ರು ಏನೂ ಇಲ್ಲ ಅಂತಾರೆ. ನೀವು ಏನೋ ಕಂಡಿರ್ಬೇಕಲ್ಲ ಸಾ, ಸುಮ್‌ಸುಮ್ನೆ ಏಳ್ತೀರಾ? ನೀವೇ ಒಂದ್ಸಲ ನೋಡಿ."

ಆಗಲಾದರೂ ಹೇಳಬಹುದಿತ್ತು. ಆ ತಾಯಿ ಕೂಲಿ ಬಿಟ್ಟು, ಬಸ್ಸು ಹತ್ತಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ನನ್ನ ಸುಳ್ಳಿನ ಫೋಟೋ ತೆಗೆಸಿಕೊಂಡು ಬಂದಿದ್ದರು. ನಾನು ಏನು ಮಾಡಿದೆ ಗೊತ್ತೆ? ಅದನ್ನು ಈಸಿಕೊಂಡು ಬಿಸಿಲಿಗೆ ಎತ್ತಿ ಹಿಡಿದೆ. ಹುಬ್ಬು ಗಂಟಿಕ್ಕಿ ನೋಡಿದೆ. ನಿನ್ನ ಕಾಲಿನ ಮೂಳೆ, ಎಳೆಯ ಮೂಳೆ, ನೆಟ್ಟಗೆ ಇತ್ತು. "ಮೂಳೆಯಲ್ಲೇನಿಲ್ಲಮ್ಮ, ಅಭ್ಯಾಸ ಸಾಲದು" ಎಂದೆ. ಅವರ ಮುಖದಲ್ಲಿ ಎಂಥ ನೆಮ್ಮದಿ! ಕವರನ್ನು ಸೆರಗಿನಲ್ಲಿ ಒರೆಸಿ ಮಡಿಲಿಗೆ ಹಾಕಿಕೊಂಡರು. "ಒಂದ್ಸಲ ನಮ್ಮನೇಗ್ ಬನ್ನಿ ಸಾ, ಉಂಡ್ಕಂಡ್ ಓಗೀರಂತೆ" ಎಂದರು. "ಬರ್ತೀನಮ್ಮ" ಎಂದೆ. ಹೋಗಲಿಲ್ಲ.

ಆಮೇಲೆ ನೀಲಿಗೂ ಹಳದಿಗೂ ನಡೆದ ಅಭ್ಯಾಸದ ಮ್ಯಾಚು. ಅದನ್ನು ನೀನು ಮರೆತಿರಲಾರೆ. ಬಲಗಡೆಯಿಂದ ಬಂದ ಪಾಸನ್ನು ನಿಲ್ಲಿಸದೆಯೇ ಎಡಗಾಲಿನಲ್ಲಿ ಹೊಡೆದೆ. ಗೋಲ್‌ಕೀಪರ್ ಕದಲುವ ಮುಂಚೆಯೇ ಚೆಂಡು ಬಲೆಯಲ್ಲಿತ್ತು. ಇಡೀ ಮೈದಾನ ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿತು. ಚೇತನ ನೀಲಿ ಅಂಗಿಯಲ್ಲೇ ನಿಂತು ಕೂಗಿದ. "ಸಾ, ಎಡಗಾಲು ಸಾ! ಎಡಗಾಲು!" ನಾನು ಸೀಟಿ ಊದಿದೆ. ಆಫ್‌ಸೈಡ್ ಎಂದೆ.

ಆಫ್‌ಸೈಡ್ ಇರಲಿಲ್ಲ. ನಿನಗೂ ಗೋಲಿಗೂ ನಡುವೆ ನೀಲಿ ತಂಡದ ಇಬ್ಬರು ಹುಡುಗರಿದ್ದರು. ಅದನ್ನು ಎಲ್ಲರೂ ಕಂಡಿದ್ದರು, ಎಲ್ಲರೂ ಸುಮ್ಮನಾದರು, ಯಾಕೆಂದರೆ ನಾನು ಶಿಸ್ತಿನ ಮೇಷ್ಟ್ರು. ನೀನು ಕೈ ಎತ್ತಿ "ಸಾರಿ ಸಾ" ಎಂದು ಹಿಂದಕ್ಕೆ ಓಡಿದೆ. ನನ್ನ ಸುಳ್ಳಿಗೆ ನೀನು ಕ್ಷಮೆ ಕೇಳಿದೆಯಲ್ಲ — ಅದನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು?

ಹತ್ತನೇ ತರಗತಿ ಮುಗಿಯುವ ಮುಂಚೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹುಡುಗರನ್ನು ಕಳಿಸಬೇಕಿತ್ತು. ನೀಲಿ ಅಂಗಿಯವರನ್ನಷ್ಟೇ ಕಳಿಸುವುದು ನನ್ನ ಕ್ರಮ. ನೀನು ಹಳದಿಯಲ್ಲಿದ್ದೆ. ನಿನ್ನ ಅಂಗಿ ತೊಟ್ಟ ಚೇತನ ಹೋದ, ಆಯ್ಕೆಯಾದ, ಓದು, ಊಟ, ಆಟ ಎಲ್ಲ ಸಿಕ್ಕಿತು. ಅವನ ಮೇಲೆ ನನಗೆ ಕೋಪವಿಲ್ಲ, ಅವನು ಒಳ್ಳೆಯ ಹುಡುಗ. ಆದರೆ ಆ ಜಾಗ ನಿನ್ನದು. ನೀನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿದ್ದು ತಿಳಿದಾಗ 'ಪಾಪ, ಹಣೆಬರಹ' ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಹಣೆಬರಹವಂತೆ! ಬರೆದವನು ಅಲ್ಲೇ ಕೂತು ಟೀ ಕುಡಿಯುತ್ತಿದ್ದ.

ನೀನೊಬ್ಬನೇ ಎಂದು ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಅರಕಲಗೂಡಿನ ಆ ಊಟದ ನಂತರ ನಾನು ಬದಲಾದೆ. ಹೊಸ ಹುಡುಗ ಸೇರಲು ಬಂದರೆ, ಬೂಟಿನ ಅಳತೆ ಕೇಳುವ ಜೊತೆಗೆ, ನಗುನಗುತ್ತಾ, "ಮನೆದೇವ್ರು ಯಾವ್ದೋ?" ಎಂದು ನಾನೇ ಕೇಳಲು ಶುರು ಮಾಡಿದೆ. ಆ ಅಜ್ಜಿಯ ಕೆಲಸವನ್ನು ಮೈದಾನದಲ್ಲೇ ಮುಗಿಸಿಕೊಂಡು ಬಿಡುತ್ತಿದ್ದೆ. ನೋಡ್ಕಂಡು ಕರ್ಕಹೋಗುತ್ತಿದ್ದೆ. ಒಬ್ಬನಿಗೆ ಓಟ ಸಾಲದು ಎಂದೆ, ಇನ್ನೊಬ್ಬನಿಗೆ ಎತ್ತರ ಸಾಲದು ಎಂದೆ, ಮತ್ತೊಬ್ಬನಿಗೆ ಸಿಟ್ಟು ಜಾಸ್ತಿ ಎಂದೆ. ಹಳದಿ ಅಂಗಿಯಲ್ಲೇ ಹೈಸ್ಕೂಲು ಮುಗಿಸಿ ಹೋದರು. ಅವರ ಮುಖಗಳೆಲ್ಲ ನೆನಪಿವೆ, ಕೆಲವರ ಹೆಸರು ಮರೆತಿದ್ದೇನೆ. ಅದೂ ಒಂದು ತಪ್ಪು.

ನಿನಗೆ ಎಲ್ಲ ಗೊತ್ತಿತ್ತೇ? — ಈ ಪ್ರಶ್ನೆ ಈಗ ನನ್ನನ್ನು ಕಾಡುತ್ತಿದೆ. ಪಾಯಸ ಮುಗಿದಿರಲಿಲ್ಲ ಎಂದು, ಆಫ್‌ಸೈಡ್ ಇರಲಿಲ್ಲ ಎಂದು ನಿನಗೆ ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಲು ಮೈಕಿನಲ್ಲಿ ಹಾಗೆ ಹೇಳಿದೆಯೇ? ಗೊತ್ತಿದ್ದರೆ ನನಗೆ ಎಷ್ಟು ಹಗುರ... ನೋಡು, ಇಲ್ಲೂ ನನ್ನ ಹಗುರವನ್ನೇ ಹುಡುಕುತ್ತಿದ್ದೇನೆ. ಬಿಡು.

ಸನ್ಮಾನದ ಎರಡು ದಿನದ ಮೇಲೆ ಅರಕಲಗೂಡಿನಿಂದ ಫೋನು ಬಂತು. ರಂಗಸ್ವಾಮಿಯವರಿಗೆ ಈಗ ಮೈ ಸರಿಯಿಲ್ಲ, ಮನೆಯ ಜವಾಬ್ದಾರಿ ಮಗನದು. ಸ್ಕೂಲಿನಿಂದ ನಿವೃತ್ತನಾದರೂ ಕ್ಲಬ್ಬು ನನ್ನ ಕೈಯಲ್ಲೇ ಇದೆ ಎಂದು ಅವನಿಗೆ ಗೊತ್ತು.

"ಸಾ, ಬರೋ ಮ್ಯಾಚಿಗೂ ಊಟ ನಮ್ಮನೇಲೇ. ಹುಡುಗ್ರೆಲ್ಲ ಮೊದ್ಲಿನಂಗೇ ತಾನೇ?"

ಮೊದಲಿನ ಹಾಗೆ! ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಎಲ್ಲ ಅಜ್ಜಿಗೋಸ್ಕರ ಎಂದಿದ್ದರಲ್ಲ, ಈಗ ಯಾರಿಗೋಸ್ಕರ? ಆದರೂ ನನ್ನ ಬಾಯಿಂದ ಬಂದದ್ದೇನು ಗೊತ್ತೆ? "ಬೇಡಪ್ಪ, ಆಟದ ದಿನ ಭಾರದ ಊಟ ಹುಡುಗ್ರಿಗೆ ಆಗಲ್ಲ, ಬುತ್ತಿ ತರ್ತಾರೆ" ಎಂದೆ. ಮತ್ತೆ ಅದೇ ಆಟದ ಮೇಷ್ಟ್ರ ಸುಳ್ಳು. ನಿನ್ನ ಎಡಗಾಲಿನ ಜಾಗದಲ್ಲಿ ಈಗ ಹುಡುಗರ ಹೊಟ್ಟೆ ಬಂದಿತ್ತು. ಫೋನು ಇಟ್ಟು, ನನ್ನ ಮೇಲೆ ನನಗೇ ಉಗುಳುವಷ್ಟು ಹೇಸಿಗೆಯಾಗಿ, ಮತ್ತೆ ಫೋನು ಮಾಡಿದೆ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮಲ್ಲಿ ಎಲ್ಲ ಮನೆಯ ಹುಡುಗರೂ ಇದ್ದಾರೆ, ಎಲ್ಲರಿಗೂ ಬಡಿಸದ ಮನೆಯಲ್ಲಿ ಇನ್ನು ನಾವು ಉಣ್ಣುವುದಿಲ್ಲ ಎಂದೆ. ನಿನ್ನ ಹೆಸರನ್ನೂ ಹೇಳಿದೆ.

"ಯಾಕ್ ಸಾ ಹಳೇದೆಲ್ಲ ಕೆದಕ್ತೀರಾ? ನಾವೇನ್ ಆ ಹುಡುಗಂಗೆ ಬೈದ್ವಾ, ಹೊಡುದ್ವಾ?"

"ಇಲ್ಲಪ್ಪ. ಪಾಯಸ ಬಡಿಸಲಿಲ್ಲ, ಅಷ್ಟೇ" ಎಂದೆ.

ಇದನ್ನು ಹೇಳಿದ್ದಕ್ಕೆ ನೀನು ಮೆಚ್ಚಬೇಕೆಂದೇನಿಲ್ಲ. ಅವತ್ತು ಹಿತ್ತಲಿನಲ್ಲಿ ನಿಂತು, ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಹೇಳಬೇಕಿದ್ದ ಮಾತು ಅದು. ಈಗ ಹೇಳಿದರೆ ನಿನ್ನ ಹಾಸ್ಟೆಲು ವಾಪಸು ಬರುವುದಿಲ್ಲ. ಹೆದರಿದ್ದೆ ಎನ್ನಲೇ? ಯಾರಿಗೆ? ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ, ನನ್ನ ಕೆಲಸ ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ನಾಲ್ಕು ಮನೆಗಳಲ್ಲಿ 'ಬನ್ನಿ ಮೇಷ್ಟ್ರೇ' ಎನ್ನಿಸಿಕೊಳ್ಳುವುದು ತಪ್ಪುತ್ತಿತ್ತು. ಅಷ್ಟಕ್ಕೆ ನಿನ್ನನ್ನು ಮಾರಿದೆ.

ಸನ್ಮಾನದ ದಿನ ಹೊರಡುವಾಗ ನೀನು ಒಬ್ಬ ಹುಡುಗನನ್ನು ಕರೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದೆ. "ನಮ್ಮೂರವ್ನು ಸಾ. ಬಿಳಿ ಅಂಗಿಗೆ ಆಕ್ಕಳಿ. ಇವ್ನ್ ಎಡಗಾಲು ಒಂದು ನೋಡ್ಬುಡಿ" ಎಂದೆ. ಆ ಹುಡುಗ ನನ್ನನ್ನು ನೋಡಿದ ನೋಟ ನಿನ್ನದೇ ನೋಟವಾಗಿತ್ತು. ಆಮೇಲೆ ನೀನು ನನ್ನ ಕೈ ಹಿಡಿದುಕೊಂಡು, "ಭಾನುವಾರ ಮನೇಗ್ ಬನ್ನಿ ಸಾ. ಅವ್ವ ಅವತ್ತಿಂದ ಕೇಳ್ತಾನೇ ಅವ್ಳೆ, ನಿಮ್ ಸಾರು ಬತ್ತೀನಿ ಅಂದಿದ್ರು, ಬರ್ನೇ ಇಲ್ವಲ್ಲ ಅಂತ" ಎಂದೆ.

ಆ ಹುಡುಗನನ್ನು ಇನ್ನು ಮುಂದೆ ಅವನ ಆಟ ಒಂದೇ ಏರಿಸುತ್ತದೆ, ಅವನ ಆಟ ಒಂದೇ ಇಳಿಸುತ್ತದೆ. ಅಂಗಿ ಬಿಚ್ಚಿಸುವ ಪದ್ಧತಿಯನ್ನು ನಿಲ್ಲಿಸಿದ್ದೇನೆ. ಅರಕಲಗೂಡಿಗೆ ಮೂರೂ ತಂಡಗಳು ಹೋಗುತ್ತವೆ, ಎಲ್ಲರೂ ಮೈದಾನದಲ್ಲೇ ಬುತ್ತಿ ಬಿಚ್ಚುತ್ತಾರೆ. ಅದೇ ದಿನ ಮೂರೂ ತಂಡಗಳ ಎದುರು ನಿಂತು ನಿನ್ನ ಆ ಗೋಲು ಗೋಲೇ ಎಂದು ಹೇಳುತ್ತೇನೆ. ಚೇತನನಿಗೂ ಬರಲು ಹೇಳಿದ್ದೇನೆ.

ಅದಕ್ಕೆ ಮುಂಚೆ ಈ ಭಾನುವಾರ ದಂಡಿಗನಹಳ್ಳಿಗೆ ಬರುತ್ತೇನೆ. ಇದನ್ನು ನೀನು ಓದಿ ಮುಗಿಸುವ ಹೊತ್ತಿಗೆ ಬೇಡ ಎನ್ನಿಸಿದರೆ ಒಂದು ಮಾತು ಹೇಳಿ ಕಳಿಸು, ಬರುವುದಿಲ್ಲ. ಬಂದರೆ ಅಂಗಳದಲ್ಲೇ ನಿಲ್ಲುತ್ತೇನೆ. ಒಳಗೆ ಕರೆಯಬೇಡ, ನೀರು ಕೂಡ ಕೊಡಬೇಡ. ಮೊದಲು ನಿಮ್ಮಮ್ಮನನ್ನು ಹೊರಗೆ ಕರೆ. ಆ ಎಕ್ಸ್‌ರೇ ಇನ್ನೂ ಇಟ್ಟುಕೊಂಡಿದ್ದರೆ ತರಲು ಹೇಳು. ಅವತ್ತು ಬಿಸಿಲಿಗೆ ಹಿಡಿದು ಅದರಲ್ಲಿ ನಾನು ಕಂಡದ್ದೇನು ಎಂಬುದನ್ನು ಅವರ ಮುಖ ನೋಡಿಕೊಂಡು ಹೇಳಬೇಕು. ಕೇಳಿದ ಮೇಲೆ ನನಗೆ ಎಲೆ ಹಾಕುವುದೋ, ಬಂದ ದಾರಿಗೆ ಕಳಿಸುವುದೋ ಅವರಿಗೆ ಬಿಟ್ಟದ್ದು. ನೀನು ನಡುವೆ ಬಂದು ನನ್ನ ಪರವಾಗಿ ಮಾತಾಡಬೇಡ. ಹಾಕಿದರೆ ಉಣ್ಣುತ್ತೇನೆ. ಉಂಡ ಮೇಲೆ ನನ್ನ ಎಲೆ ನಾನೇ ಎತ್ತುತ್ತೇನೆ.